ಹ್ಯಾಮ್ಲೆಟ್ ನಾಟಕದಲ್ಲಿ ವಂಚನೆ, ಪಾಪಪ್ರಜ್ಞೆ ಮತ್ತು ಪ್ರತೀಕಾರ: ಒಂದು ಚಾರಿತ್ರಿಕ ವಿವೇಚನೆ

1. ಪೀಠಿಕೆ

ಶೇಕ್ಸ್‌ಪಿಯರನ 'ಹ್ಯಾಮ್ಲೆಟ್' ನಾಟಕವನ್ನು ಕುರಿತ ವಿಮರ್ಶೆಯಲ್ಲಿ ಬಹುಕಾಲದಿಂದ ಚರ್ಚೆಗೆ ಒಳಗಾಗುತ್ತ ಬಂದಿರುವ ಪ್ರಶ್ನೆ ನಾಯಕನ ವಿಳಂಬಕ್ಕೆ ಸಂಬಂಧಿಸಿದ್ದು. ತಂದೆಯ ಕೊಲೆಗೆ ಸೇಡು ತೀರಿಸಿಕೊಳ್ಳಬೇಕಾದ ರಾಜಕುಮಾರ ಏಕೆ ತಡಮಾಡುತ್ತಾನೆ? 1904ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಎ.ಸಿ. ಬ್ರ್ಯಾಡ್ಲಿ ಅವರು ಇದಕ್ಕೆ ನಾಯಕನ ವಿಷಣ್ಣ ಮನಃಸ್ಥಿತಿಯೇ ಕಾರಣವೆಂದು ವಿವರಿಸಿದರು. ಅನಂತರ ಬಂದ ವಿದ್ವಾಂಸರಲ್ಲಿ ಅನೇಕರು ಉತ್ತರವನ್ನು ನಾಯಕನ ಸ್ವಭಾವದಲ್ಲಿಯೇ ಹುಡುಕಿದರು. ಈ ಮಾರ್ಗದಿಂದ ದೊರೆತ ಫಲ ಅಲ್ಪವಲ್ಲ. ಆದರೆ ನಾಟಕದ ಕಥೆ ಶೇಕ್ಸ್‌ಪಿಯರನ ಕೈಸೇರುವುದಕ್ಕೆ ಮುಂಚೆ ಸುಮಾರು ನಾಲ್ಕು ನೂರು ವರ್ಷಗಳ ಬರಹದ ಇತಿಹಾಸವನ್ನು ಹೊಂದಿತ್ತೆಂಬುದನ್ನು ನೆನೆದರೆ, ಈ ಪ್ರಶ್ನೆಯನ್ನು ಬೇರೊಂದು ರೀತಿಯಲ್ಲಿ ಎತ್ತಿಕೊಳ್ಳುವುದು ಸಾಧ್ಯವಾಗುತ್ತದೆ.

ಪ್ರಸ್ತುತ ಲೇಖನದ ಉದ್ದೇಶ ಆ ಇತಿಹಾಸವನ್ನು ಅನುಸರಿಸಿ, ಮೂಲಕಥೆಯಲ್ಲಿ ಆದ ಒಂದು ಮುಖ್ಯ ಬದಲಾವಣೆಯ ಪರಿಣಾಮಗಳನ್ನು ಪರಿಶೀಲಿಸುವುದಾಗಿದೆ. ಮೂಲದಲ್ಲಿ ಬಹಿರಂಗವಾಗಿದ್ದ ಕೊಲೆ ನಾಟಕದಲ್ಲಿ ಗುಪ್ತವಾಯಿತು. ಇದೊಂದು ಬದಲಾವಣೆಯಿಂದಾಗಿ ವಂಚನೆಯ ಅರ್ಥ ಬೇರೆಯಾಯಿತು, ಪಾಪಪ್ರಜ್ಞೆಗೆ ಕಥೆಯಲ್ಲಿ ಸ್ಥಾನ ದೊರೆಯಿತು, ಪ್ರತೀಕಾರವು ಪುರಾವೆಯ ಸಮಸ್ಯೆಯಾಗಿ ಮಾರ್ಪಟ್ಟಿತು ಎಂಬುದು ಇಲ್ಲಿನ ಪ್ರತಿಪಾದನೆ.

2. ಮೂಲಕಥೆ: ಬಹಿರಂಗ ಕೊಲೆ, ಗುಪ್ತ ಪ್ರತೀಕಾರ

ಹದಿಮೂರನೆಯ ಶತಮಾನದ ಆರಂಭದಲ್ಲಿ ಸಾಕ್ಸೊ ಗ್ರಮ್ಯಾಟಿಕಸ್ ಎಂಬ ಡೆನ್ಮಾರ್ಕಿನ ವಿದ್ವಾಂಸ ಲ್ಯಾಟಿನ್ ಭಾಷೆಯಲ್ಲಿ ರಚಿಸಿದ 'ಗೆಸ್ತಾ ಡಾನೋರಂ' ಎಂಬ ಇತಿಹಾಸಗ್ರಂಥದ ಮೂರು ಮತ್ತು ನಾಲ್ಕನೆಯ ಭಾಗಗಳಲ್ಲಿ ಆಮ್ಲೆತನ ಕಥೆ ಬರುತ್ತದೆ. ಈ ಗ್ರಂಥ 1514ರಲ್ಲಿ ಪ್ಯಾರಿಸಿನಲ್ಲಿ ಮೊದಲ ಬಾರಿಗೆ ಮುದ್ರಣಗೊಂಡಿತು. ಫೆಂಗ್ ಎಂಬವನು ತನ್ನ ಅಣ್ಣ ಹೊರ್ವೆಂಡಿಲನನ್ನು ಅಸೂಯೆಯಿಂದ ಕೊಂದು, ಅತ್ತಿಗೆ ಗೆರುತಾಳನ್ನು ಮದುವೆಯಾಗುತ್ತಾನೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಕೊಂದವನು ಯಾರೆಂಬುದು ಎಲ್ಲರಿಗೂ ಗೊತ್ತು. ಫೆಂಗ್ ಕೊಲೆಯನ್ನು ನಿರಾಕರಿಸುವುದಿಲ್ಲ, ಸಮರ್ಥಿಸಿಕೊಳ್ಳುತ್ತಾನೆ. ಗಂಡನ ದ್ವೇಷಕ್ಕೆ ಗುರಿಯಾಗಿದ್ದ ಸಾಧುಸ್ವಭಾವದ ಹೆಂಗಸನ್ನು ಕಾಪಾಡುವುದಕ್ಕಾಗಿಯೇ ಹಾಗೆ ಮಾಡಿದೆನೆಂದು ಹೇಳಿಕೊಳ್ಳುತ್ತಾನೆ. ಸುಳ್ಳು ಇರುವುದು ಕೃತ್ಯದ ಕಾರಣದಲ್ಲಿ, ಕರ್ತೃವಿನ ವಿಷಯದಲ್ಲಿ ಅಲ್ಲ.

ಹೀಗಾಗಿ ಆಮ್ಲೆತನಿಗೆ ತಿಳಿದುಕೊಳ್ಳಬೇಕಾದದ್ದು ಏನೂ ಇಲ್ಲ. ಅವನು ಹುಚ್ಚನಂತೆ ನಟಿಸುವುದು ಪ್ರಾಣರಕ್ಷಣೆಗಾಗಿ. ಬುದ್ಧಿಯುಳ್ಳ ಮಗನನ್ನು ಚಿಕ್ಕಪ್ಪ ಉಳಿಸುವುದಿಲ್ಲ ಎಂಬುದು ಅವನಿಗೆ ಗೊತ್ತು. ಮೈಗೆ ಕೊಳೆ ಬಳಿದುಕೊಂಡು, ಒಲೆಯ ಬಳಿ ಕುಳಿತು ಮರದ ಕೊಕ್ಕೆಗಳನ್ನು ಮಾಡಿ ಬೆಂಕಿಯಲ್ಲಿ ಗಟ್ಟಿಗೊಳಿಸುತ್ತ ಅವನು ಕಾಲ ಕಾಯುತ್ತಾನೆ. ಅವನನ್ನು ಪರೀಕ್ಷಿಸಲು ಹೆಣ್ಣೊಬ್ಬಳನ್ನು ಕಳುಹಿಸುತ್ತಾರೆ. ತಾಯಿಯ ಕೋಣೆಯಲ್ಲಿ ಹುಲ್ಲಿನ ಕೆಳಗೆ ಗೂಢಚಾರನೊಬ್ಬನನ್ನು ಅಡಗಿಸುತ್ತಾರೆ. ಆಮ್ಲೆತ್ ಅವನನ್ನು ಕೊಂದು, ಶವವನ್ನು ತುಂಡರಿಸಿ ಬೇಯಿಸಿ ಹಂದಿಗಳಿಗೆ ಹಾಕುತ್ತಾನೆ. ಅವನನ್ನು ಕೊಲ್ಲಬೇಕೆಂಬ ಸಂದೇಶ ಹೊತ್ತ ಇಬ್ಬರು ಜೊತೆಗಾರರೊಡನೆ ಇಂಗ್ಲೆಂಡಿಗೆ ಕಳುಹಿಸಿದಾಗ ಆ ಸಂದೇಶವನ್ನೇ ತಿದ್ದಿ ಜೊತೆಗಾರರ ಪ್ರಾಣ ತೆಗೆಸುತ್ತಾನೆ. ಒಂದು ವರ್ಷದ ಮೇಲೆ ತನ್ನದೇ ಉತ್ತರಕ್ರಿಯೆಯ ಔತಣಕ್ಕೆ ಹಿಂದಿರುಗಿ, ಕುಡಿದು ಮಲಗಿದ ಆಸ್ಥಾನಿಕರ ಮೇಲೆ ತಾಯಿ ನೇಯ್ದ ಪರದೆಗಳನ್ನು ಕೆಡವಿ, ಹಿಂದೆ ಮಾಡಿಟ್ಟ ಕೊಕ್ಕೆಗಳಿಂದ ಬಿಗಿದು, ಸಭಾಭವನಕ್ಕೆ ಬೆಂಕಿಯಿಡುತ್ತಾನೆ. ಅನಂತರ ಫೆಂಗನ ಕತ್ತಿಯನ್ನು ಅದಲುಬದಲು ಮಾಡಿ ಅವನನ್ನು ಕೊಲ್ಲುತ್ತಾನೆ. ಮಾರನೆಯ ದಿನ ಜನರನ್ನು ಸೇರಿಸಿ ತನ್ನ ಕೃತ್ಯವನ್ನು ತಾನೇ ವಿವರಿಸುತ್ತಾನೆ. ಜನ ಅವನನ್ನು ಅರಸನನ್ನಾಗಿ ಆರಿಸುತ್ತಾರೆ.

ಈ ಕಥೆಯಲ್ಲಿ ವಂಚನೆ ವೀರನ ಗುಣಗಳಲ್ಲಿ ಒಂದು. ಸಾಕ್ಸೊ ಅದನ್ನು ಮೆಚ್ಚಿ ಬರೆಯುತ್ತಾನೆ. ಫೆಂಗನ ಅಂತರಂಗದ ಗೋಜಿಗೆ ಕಥೆ ಹೋಗುವುದೇ ಇಲ್ಲ. ಅವನು ಪಶ್ಚಾತ್ತಾಪಪಟ್ಟನೆ ಎಂಬ ಪ್ರಶ್ನೆಗೆ ಇಲ್ಲಿ ಎಡೆಯಿಲ್ಲ. ಪ್ರತೀಕಾರ ಆರಂಭದಲ್ಲಿ ಗುಪ್ತ, ಕೊನೆಯಲ್ಲಿ ಬಹಿರಂಗ. ಅದನ್ನು ಸಮುದಾಯ ಒಪ್ಪಿಕೊಳ್ಳುವುದರಲ್ಲಿ ಕಥೆಯ ಆ ಘಟ್ಟ ಮುಗಿಯುತ್ತದೆ.

3. ರಂಗಭೂಮಿಗೆ ಬಂದ ಬಗೆ

1570ರಲ್ಲಿ ಫ್ರಾನ್ಸಿನ ಫ್ರಾನ್ಸ್ವಾ ದ ಬೆಲ್‌ಫೋರೆ ತನ್ನ ದುರಂತಕಥಾಮಾಲೆಯ ಐದನೆಯ ಸಂಪುಟದಲ್ಲಿ ಈ ಕಥೆಯನ್ನು ಫ್ರೆಂಚ್ ಭಾಷೆಗೆ ತಂದ. ಕೊಲೆಗೆ ಮುನ್ನವೇ ಮೈದುನ ಅತ್ತಿಗೆಯರ ನಡುವೆ ಅಕ್ರಮ ಸಂಬಂಧವಿತ್ತೆಂಬುದನ್ನೂ ನಾಯಕನ ವಿಷಣ್ಣತೆಯನ್ನೂ ಸೇರಿಸಿದವನು ಇವನೇ. ಆದರೆ ಇಲ್ಲಿಯೂ ಕೊಲೆ ಬಹಿರಂಗವಾದುದೇ.

ಇಂಗ್ಲೆಂಡಿನಲ್ಲಿ ಹ್ಯಾಮ್ಲೆಟ್ ಹೆಸರಿನ ನಾಟಕವೊಂದು ಶೇಕ್ಸ್‌ಪಿಯರನ ಕೃತಿಗೆ ಮೊದಲೇ ಇದ್ದುದಕ್ಕೆ ಮೂರು ಉಲ್ಲೇಖಗಳು ದೊರೆಯುತ್ತವೆ. 1589ರಲ್ಲಿ ಥಾಮಸ್ ನ್ಯಾಶ್ ಸೆನೆಕನನ್ನು ಅನುಕರಿಸುವ ನಾಟಕಕಾರರನ್ನು ಗೇಲಿಮಾಡುವಾಗ ಈ ಹೆಸರನ್ನು ಎತ್ತುತ್ತಾನೆ. 1594ರ ಜೂನ್ ತಿಂಗಳಲ್ಲಿ ನಡೆದ ಪ್ರಯೋಗವೊಂದನ್ನು ಫಿಲಿಪ್ ಹೆನ್ಸ್ಲೊ ತನ್ನ ಲೆಕ್ಕಪುಸ್ತಕದಲ್ಲಿ ನಮೂದಿಸುತ್ತಾನೆ. 1596ರಲ್ಲಿ ಥಾಮಸ್ ಲಾಜ್ ಪ್ರತೀಕಾರಕ್ಕಾಗಿ ಹ್ಯಾಮ್ಲೆಟನನ್ನು ಕೂಗಿ ಕರೆಯುವ ಪ್ರೇತವನ್ನು ಪ್ರಸ್ತಾಪಿಸುತ್ತಾನೆ. ಆ ನಾಟಕ ಉಳಿದುಬಂದಿಲ್ಲ. ಆದರೂ ಲಾಜನ ಮಾತಿನಿಂದ ಒಂದು ಅಂಶ ಸ್ಪಷ್ಟ. ಸಾಕ್ಸೊ ಹಾಗೂ ಬೆಲ್‌ಫೋರೆ ಹೇಳುವ ಕಥೆಯಲ್ಲಿ ಕೊಲೆಯನ್ನು ತಿಳಿಸಲು ಪ್ರೇತ ಬರುವುದಿಲ್ಲ, ಬರಬೇಕಾದ ಅಗತ್ಯವೂ ಇಲ್ಲ. ರಂಗಭೂಮಿಗೆ ಬಂದಾಗ ಪ್ರೇತ ಕಾಣಿಸಿಕೊಂಡಿತು. 1581ರಲ್ಲಿ ಇಂಗ್ಲಿಷ್ ಅನುವಾದದಲ್ಲಿ ಒಟ್ಟಾಗಿ ಪ್ರಕಟವಾದ ಸೆನೆಕನ ನಾಟಕಗಳೂ, ಪ್ರೇತವನ್ನೂ ನಾಟಕದೊಳಗಿನ ನಾಟಕವನ್ನೂ ಬಳಸಿಕೊಂಡ ಥಾಮಸ್ ಕಿಡ್‌ನ 'ಸ್ಪ್ಯಾನಿಷ್ ಟ್ರ್ಯಾಜಿಡಿ'ಯೂ ಈ ಮಾರ್ಪಾಟಿಗೆ ದಾರಿಮಾಡಿಕೊಟ್ಟಿರಬೇಕು.

ಶೇಕ್ಸ್‌ಪಿಯರನ ನಾಟಕ ಮೂರು ಪಾಠಗಳಲ್ಲಿ ದೊರೆತಿದೆ: 1603ರ ಚಿಕ್ಕ ಮುದ್ರಣ, 1604–05ರ ವಿಸ್ತೃತ ಮುದ್ರಣ, 1623ರ ಸಮಗ್ರ ಸಂಪುಟದ ಪಾಠ. ಈ ಪಾಠಭೇದಗಳು ಪ್ರಸ್ತುತ ವಿಷಯಕ್ಕೆ ಸಂಬಂಧಿಸಿದಂತೆ ಮಹತ್ವದ್ದಾಗಿವೆ. 1823ರಲ್ಲಿ ಮತ್ತೆ ಬೆಳಕಿಗೆ ಬಂದ 1603ರ ಪಾಠದಲ್ಲಿ ರಾಣಿ ಕೊಲೆಯ ವಿಷಯ ತನಗೆ ತಿಳಿದಿರಲಿಲ್ಲವೆಂದು ಆಣೆಯಿಟ್ಟು ಹೇಳುತ್ತಾಳೆ. ಮಗನ ಸೇಡಿಗೆ ನೆರವಾಗುವುದಾಗಿಯೂ ಮಾತು ಕೊಡುತ್ತಾಳೆ. ಇದು ಬೆಲ್‌ಫೋರೆಯ ಕಥೆಗೆ ಹತ್ತಿರವಾದುದು. ಉಳಿದೆರಡು ಪಾಠಗಳಲ್ಲಿ ಇಂತಹ ಸ್ಪಷ್ಟ ಮಾತಿಲ್ಲ. ಅಲ್ಲಿ ಗರ್ಟ್ರೂಡಳಿಗೆ ಎಷ್ಟು ಗೊತ್ತಿತ್ತೆಂಬುದನ್ನು ಪ್ರೇಕ್ಷಕ ಅವಳ ನಡವಳಿಕೆಯಿಂದ ಊಹಿಸಬೇಕಾಗುತ್ತದೆ. ಕೊಲೆಯನ್ನು ಆವರಿಸಿದ್ದ ಗುಪ್ತತೆ ಹೀಗೆ ಪಾತ್ರಗಳ ಮನಸ್ಸಿಗೂ ವ್ಯಾಪಿಸಿತು.

4. ಪುರಾವೆಯ ಸಮಸ್ಯೆ

ನಾಟಕದಲ್ಲಿ ದೊರೆ ಉದ್ಯಾನದಲ್ಲಿ ಮಲಗಿದ್ದಾಗ ಹಾವು ಕಚ್ಚಿ ಸತ್ತನೆಂದು ಪ್ರಚಾರವಾಗಿದೆ. ಕಿವಿಗೆ ವಿಷ ಹೊಯ್ದು ಕೊಂದವನು ತಮ್ಮನೇ ಎಂದು ಪ್ರೇತ ತಿಳಿಸುತ್ತದೆ. ಸಾಕ್ಷಿ ಹೇಳುವವನು ಸತ್ತವನೇ. ಆ ಮಾತನ್ನು ಕೇಳಿದವನು ಹ್ಯಾಮ್ಲೆಟ್ ಒಬ್ಬನೇ. ಈ ಸಾಕ್ಷ್ಯದ ಬೆಲೆಯೇನು?

ಇದು ಆ ಕಾಲದ ಪ್ರೇಕ್ಷಕರಿಗೆ ನಿಜವಾದ ಪ್ರಶ್ನೆಯಾಗಿತ್ತು. ಸತ್ತವರ ಆತ್ಮ ಶುದ್ಧೀಕರಣಲೋಕದಲ್ಲಿದ್ದು ಬದುಕಿರುವವರ ಪ್ರಾರ್ಥನೆಯನ್ನು ನಿರೀಕ್ಷಿಸುತ್ತದೆಂಬ ಹಳೆಯ ನಂಬಿಕೆಯನ್ನು ಇಂಗ್ಲೆಂಡಿನ ಸುಧಾರಿತ ಚರ್ಚು 1563ರ ಧರ್ಮಸೂತ್ರಗಳಲ್ಲಿ ತಿರಸ್ಕರಿಸಿತ್ತು. ಆ ಲೋಕವೇ ಇಲ್ಲವೆಂದಾದರೆ ಅಲ್ಲಿಂದ ಪ್ರೇತ ಬರುವುದು ಹೇಗೆ? ಬಂದದ್ದು ತಂದೆಯ ರೂಪ ತಾಳಿದ ಪಿಶಾಚಿಯೂ ಆಗಿರಬಹುದು. ಜೆ. ಡೋವರ್ ವಿಲ್ಸನ್ 1935ರಲ್ಲಿಯೂ ಸ್ಟೀಫನ್ ಗ್ರೀನ್‌ಬ್ಲಾಟ್ 2001ರಲ್ಲಿಯೂ ಈ ಧಾರ್ಮಿಕ ಹಿನ್ನೆಲೆಯನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಹ್ಯಾಮ್ಲೆಟನ ಸಂಶಯವನ್ನು ಹೇಡಿತನದ ನೆಪವೆಂದು ತಳ್ಳಿಹಾಕುವುದು ಈ ಹಿನ್ನೆಲೆಯಲ್ಲಿ ಕಷ್ಟವಾಗುತ್ತದೆ.

ಇದರೊಡನೆ ಕಾನೂನಿನ ತೊಡಕೂ ಇದೆ. ಖಾಸಗಿ ಸೇಡಿನ ಕೊಲೆಯೂ ಆ ಕಾಲದ ಇಂಗ್ಲಿಷ್ ಕಾನೂನಿನಲ್ಲಿ ಕೊಲೆಯೇ. ಶಿಕ್ಷೆ ದೇವರಿಗೂ ಅವನ ಪ್ರತಿನಿಧಿಯಾದ ರಾಜನಿಗೂ ಸೇರಿದ್ದು ಎಂಬುದು ಧರ್ಮಪೀಠಗಳ ಬೋಧೆ. ಆದರೆ ಅದೇ ಸಮಾಜದಲ್ಲಿ 1584ರಲ್ಲಿ, ಎಲಿಜಬೆತ್ ರಾಣಿಯ ಪ್ರಾಣಕ್ಕೆ ಕೇಡು ಬಗೆದವರನ್ನು ಬೆನ್ನಟ್ಟಿ ಕೊಲ್ಲುವುದಾಗಿ ರಾಜ್ಯದ ಗಣ್ಯರು ಪ್ರತಿಜ್ಞಾಪತ್ರವೊಂದಕ್ಕೆ ಸಹಿ ಹಾಕಿದ್ದರು. ಸ್ಕಾಟ್ಲೆಂಡಿನಲ್ಲಿ ರಾಣಿ ಮೇರಿಯ ಪತಿ ಡಾರ್ನ್ಲಿ 1567ರ ಫೆಬ್ರವರಿಯಲ್ಲಿ ಹತನಾಗಿ, ಕೊಲೆಯ ಆರೋಪ ಹೊತ್ತಿದ್ದ ಬಾತ್‌ವೆಲ್‌ನನ್ನು ಅವಳು ಅದೇ ವರ್ಷದ ಮೇ ತಿಂಗಳಲ್ಲಿ ಮದುವೆಯಾದ ಸಂಗತಿ ಜನರ ನೆನಪಿನಲ್ಲಿತ್ತು. ಹತನಾದವನ ಮಗ ಜೇಮ್ಸ್ 1603ರಲ್ಲಿ ಇಂಗ್ಲೆಂಡಿನ ಸಿಂಹಾಸನವನ್ನೇರಿದ. ಲಿಲಿಯನ್ ವಿನ್‌ಸ್ಟಾನ್ಲಿ ಅವರು 1921ರಲ್ಲಿ ಈ ಸಾಮ್ಯವನ್ನು ಮುಂದಿಟ್ಟರು. ನಾಟಕ ಈ ಘಟನೆಯ ಪ್ರತಿಬಿಂಬವೆಂದು ಹೇಳುವಷ್ಟು ಆಧಾರವಿಲ್ಲ. ಆದರೆ ಅರಸೊತ್ತಿಗೆಯ ಒಳಗೇ ಕೊಲೆಯ ಸಂಶಯವಿದ್ದಾಗ ನ್ಯಾಯ ಕೇಳುವುದು ಎಲ್ಲಿ ಎಂಬ ಪ್ರಶ್ನೆ ಪ್ರೇಕ್ಷಕರಿಗೆ ಅಪರಿಚಿತವಾಗಿರಲಿಲ್ಲವೆಂದು ಮಾತ್ರ ನಿಶ್ಚಯವಾಗಿ ಹೇಳಬಹುದು. ನ್ಯಾಯದ ಮೂಲವಾದ ರಾಜನೇ ಅಪರಾಧಿಯಾಗಿರುವಾಗ ದೂರು ಕೊಡಲು ಮೇಲಿನ ಸ್ಥಾನವಿಲ್ಲ.

ಈ ಬಿಕ್ಕಟ್ಟಿನಿಂದಲೇ ವಂಚನೆ ಪುರಾವೆ ಹುಡುಕುವ ಸಾಧನವಾಗುತ್ತದೆ. ಹ್ಯಾಮ್ಲೆಟ್ ಹುಚ್ಚನಂತೆ ನಟಿಸುತ್ತಾನೆ. ಕ್ಲಾಡಿಯಸ್ ಅವನ ಬಾಲ್ಯಸ್ನೇಹಿತರನ್ನು ಬೇಹಿಗೆ ಬಿಡುತ್ತಾನೆ. ಪೊಲೋನಿಯಸ್ ಮಗಳನ್ನೇ ಮುಂದಿಟ್ಟುಕೊಂಡು ಪರದೆಯ ಹಿಂದೆ ಅಡಗುತ್ತಾನೆ; ಪ್ಯಾರಿಸಿನಲ್ಲಿರುವ ಮಗನ ನಡತೆಯನ್ನು ತಿಳಿಯಲು ಸುಳ್ಳು ಸುದ್ದಿ ಹಬ್ಬಿಸುವಂತೆ ಆಳಿಗೆ ಹೇಳಿಕೊಡುತ್ತಾನೆ. ಸಾಕ್ಸೊನಲ್ಲಿ ಒಬ್ಬ ವೀರನ ಜಾಣತನವಾಗಿದ್ದದ್ದು ಇಲ್ಲಿ ಆಸ್ಥಾನದ ನಿತ್ಯವ್ಯವಹಾರವಾಗಿದೆ. ತಿಳಿಯುವುದಕ್ಕೆ ಬೇರೆ ದಾರಿಯೇ ಇಲ್ಲದಂತಹ ಸ್ಥಿತಿ ಅಲ್ಲಿದೆ.

5. ಪಾಪಪ್ರಜ್ಞೆ ಮತ್ತು ದೋಷಸಿದ್ಧಿ

ಇಂಗ್ಲಿಷಿನಲ್ಲಿ ಒಂದೇ ಪದದಿಂದ ಸೂಚಿತವಾಗುವ ಎರಡು ಅರ್ಥಗಳನ್ನು ಕನ್ನಡದಲ್ಲಿ ಬೇರ್ಪಡಿಸಿ ಹೇಳಲು ಅನುಕೂಲವಿದೆ. ತಪ್ಪು ಮಾಡಿದವನು ಒಳಗೆ ಅನುಭವಿಸುವುದು ಪಾಪಪ್ರಜ್ಞೆ; ಅವನು ತಪ್ಪು ಮಾಡಿದ್ದಾನೆಂದು ಹೊರಗೆ ಸ್ಥಾಪಿತವಾಗುವುದು ದೋಷಸಿದ್ಧಿ. ಮೊದಲನೆಯದರಿಂದ ಎರಡನೆಯದನ್ನು ಹೊರಡಿಸಲು ಸಾಧ್ಯವೇ ಎಂಬುದೇ ನಾಟಕದ ಮಧ್ಯಭಾಗದ ವಸ್ತು.

ಸಾಧ್ಯವೆಂದು ಆ ಕಾಲದವರು ನಂಬಿದ್ದರು. ಗಂಡನನ್ನು ಕೊಂದಿದ್ದ ಲಿನ್ ಪಟ್ಟಣದ ಹೆಂಗಸೊಬ್ಬಳು ಅಂಥದೇ ಕಥೆಯ ನಾಟಕ ನೋಡುತ್ತ ತಪ್ಪೊಪ್ಪಿಕೊಂಡ ಪ್ರಸಂಗ 1599ರಲ್ಲಿ ಮುದ್ರಿತವಾದ ಒಂದು ನಾಟಕದಲ್ಲಿ ಬರುತ್ತದೆ. ಇಂತಹ ಪ್ರಸಂಗಗಳನ್ನು ಥಾಮಸ್ ಹೇವುಡ್ 1612ರಲ್ಲಿ ನಟರ ಪರವಾಗಿ ಬರೆದ ಗ್ರಂಥದಲ್ಲಿ ಸಮರ್ಥನೆಯಾಗಿ ಉಪಯೋಗಿಸಿಕೊಂಡಿದ್ದಾನೆ. ಹ್ಯಾಮ್ಲೆಟ್ ಇದೇ ನಂಬಿಕೆಯ ಮೇಲೆ ಅರಮನೆಗೆ ಬಂದ ನಟರಿಂದ ಕೊಲೆಯ ನಾಟಕವನ್ನು ಆಡಿಸುತ್ತಾನೆ. ದೊರೆ ನಾಟಕದ ನಡುವೆಯೇ ಎದ್ದು ಹೊರಟುಹೋಗುತ್ತಾನೆ.

ಆದರೆ ಇದರಿಂದ ಸಿದ್ಧವಾದದ್ದೇನು? ಒಳನಾಟಕಕ್ಕೆ ಮೊದಲು ಬರುವ ಮೂಕಾಭಿನಯದಲ್ಲಿಯೇ ವಿಷಪ್ರಯೋಗವನ್ನು ಪೂರ್ತಿಯಾಗಿ ತೋರಿಸಿದರೂ ದೊರೆ ಅಲುಗಾಡಲಿಲ್ಲ. ಈ ಅಂಶವನ್ನು ಎತ್ತಿಹಿಡಿದು ಡಬ್ಲ್ಯು.ಡಬ್ಲ್ಯು. ಗ್ರೆಗ್ ಅವರು 1917ರಲ್ಲಿ ಪ್ರೇತದ ಮಾತು ಹ್ಯಾಮ್ಲೆಟನ ಭ್ರಮೆಯೆಂದೇ ವಾದಿಸಿದರು. ಆ ವಾದ ನಿಲ್ಲುವುದಿಲ್ಲ. ಒಳನಾಟಕಕ್ಕೆ ಮುಂಚೆಯೇ ಪೊಲೋನಿಯಸನ ಸಾಮಾನ್ಯ ಮಾತೊಂದು ಚುಚ್ಚಿದಾಗ ಕ್ಲಾಡಿಯಸ್ ತನ್ನಷ್ಟಕ್ಕೆ ತನ್ನ ಪಾಪದ ಹೊರೆಯನ್ನು ಒಪ್ಪಿಕೊಂಡಿರುತ್ತಾನೆ. ಮುಂದಿನ ಪ್ರಾರ್ಥನೆಯ ದೃಶ್ಯದಲ್ಲಿ ಕೃತ್ಯವನ್ನೇ ಹೇಳುತ್ತಾನೆ. ಆದರೂ ಗ್ರೆಗ್ ಎತ್ತಿದ ತೊಡಕು ಒಂದು ಸತ್ಯವನ್ನು ಕಾಣಿಸುತ್ತದೆ. ಒಳನಾಟಕದಲ್ಲಿ ದೊರೆಗೆ ವಿಷವಿಡುವವನನ್ನು ಹ್ಯಾಮ್ಲೆಟ್ ಆ ದೊರೆಯ ಸೋದರಪುತ್ರನೆಂದು ಪರಿಚಯಿಸುತ್ತಾನೆ. ಆಸ್ಥಾನಿಕರ ಕಣ್ಣಿಗೆ ಕಂಡದ್ದು ಅಣ್ಣನನ್ನು ಕೊಂದ ತಮ್ಮನಲ್ಲ. ಚಿಕ್ಕಪ್ಪನಾದ ರಾಜನಿಗೆ ರಾಜಕುಮಾರ ಒಡ್ಡಿದ ಕೊಲೆಯ ಬೆದರಿಕೆ. ಪುರಾವೆ ದೊರೆತದ್ದು ಹ್ಯಾಮ್ಲೆಟನಿಗೂ ಮೊದಲೇ ವಿಷಯ ತಿಳಿದಿದ್ದ ಹೊರೇಷಿಯೊನಿಗೂ ಮಾತ್ರ. ಸಾರ್ವಜನಿಕವಾಗಿ ಏನೂ ಸ್ಥಾಪಿತವಾಗಲಿಲ್ಲ.

ಪ್ರಾರ್ಥನೆಯ ದೃಶ್ಯ ಈ ತರ್ಕವನ್ನು ಇನ್ನೂ ಮುಂದಕ್ಕೆ ಒಯ್ಯುತ್ತದೆ. ಕ್ಲಾಡಿಯಸನಿಗೆ ಪಾಪಪ್ರಜ್ಞೆಯಿದೆ, ಪಶ್ಚಾತ್ತಾಪ ಸಾಧ್ಯವಾಗುವುದಿಲ್ಲ. ಕೊಲೆಯಿಂದ ಪಡೆದ ಕಿರೀಟವನ್ನೂ ರಾಣಿಯನ್ನೂ ಇಟ್ಟುಕೊಂಡು ಕ್ಷಮೆ ಬೇಡುವುದು ವ್ಯರ್ಥವೆಂಬುದು ಅವನಿಗೆ ಗೊತ್ತು. 1586ರಲ್ಲಿ ತಿಮೊಥಿ ಬ್ರೈಟ್ ವಿಷಣ್ಣತೆಯನ್ನು ಕುರಿತ ತನ್ನ ಗ್ರಂಥದಲ್ಲಿ ದೇಹದೋಷದಿಂದ ಬರುವ ಖಿನ್ನತೆಯನ್ನೂ ಪಾಪದಿಂದ ಮನಸ್ಸಾಕ್ಷಿಗೆ ಆಗುವ ನೋವನ್ನೂ ಬೇರೆಬೇರೆಯೆಂದು ವಿವರಿಸಿದ್ದ. ನಾಟಕದಲ್ಲಿ ಇವೆರಡೂ ಹ್ಯಾಮ್ಲೆಟ್ ಮತ್ತು ಕ್ಲಾಡಿಯಸರಲ್ಲಿ ಎದುರುಬದುರಾಗಿ ನಿಂತಿವೆ. ಹಿಂದಿನಿಂದ ಬಂದ ಹ್ಯಾಮ್ಲೆಟ್ ಮೊಣಕಾಲೂರಿದ ದೊರೆಯನ್ನು ನೋಡಿ, ಈಗ ಕೊಂದರೆ ಅವನು ಸ್ವರ್ಗಕ್ಕೆ ಹೋದಾನೆಂದು ಕತ್ತಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಪ್ರಾರ್ಥನೆ ಸಫಲವಾಗಿಲ್ಲವೆಂಬುದು ಪ್ರೇಕ್ಷಕನಿಗೆ ಮಾತ್ರ ತಿಳಿದಿದೆ. ಮುಖಚರ್ಯೆಯಿಂದ ಮನಸ್ಸನ್ನು ಓದಿದೆನೆಂದು ಸ್ವಲ್ಪ ಹೊತ್ತಿನ ಹಿಂದೆ ಸಂಭ್ರಮಿಸಿದ್ದವನು ಇಲ್ಲಿ ಹೊರಚಿಹ್ನೆಯನ್ನು ಪೂರ್ತಿಯಾಗಿ ತಪ್ಪಾಗಿ ಓದುತ್ತಾನೆ.

6. ಪ್ರತೀಕಾರದ ಅಂತ್ಯ

ಇದರ ಮರುಗಳಿಗೆಯಲ್ಲೇ ಹ್ಯಾಮ್ಲೆಟ್ ತಾಯಿಯ ಕೋಣೆಯಲ್ಲಿ ಪರದೆಯ ಹಿಂದಿದ್ದವನನ್ನು ಯಾರೆಂದು ನೋಡದೆ ಇರಿಯುತ್ತಾನೆ. ಸತ್ತವನು ಪೊಲೋನಿಯಸ್. ತಂದೆಯ ಕೊಲೆಗೆ ಸೇಡು ತೀರಿಸಬೇಕಾದ ಮಗ ಈಗ ಇನ್ನೊಬ್ಬ ಮಗನ ತಂದೆಯನ್ನು ಕೊಂದವನಾಗುತ್ತಾನೆ. ಮುಂದೆ ಖೋಟಾ ಪತ್ರದಿಂದ ಬಾಲ್ಯಸ್ನೇಹಿತರಿಬ್ಬರನ್ನು ಸಾವಿಗೆ ಕಳುಹಿಸುತ್ತಾನೆ. ಅದು ತನ್ನ ಮನಸ್ಸಾಕ್ಷಿಯನ್ನು ತಟ್ಟಲಿಲ್ಲವೆಂದು ಹೊರೇಷಿಯೊನಿಗೆ ಹೇಳುತ್ತಾನೆ. ಆಮ್ಲೆತನ ಕೃತ್ಯಗಳು ಇಲ್ಲಿ ಹಾಗೆಯೇ ಉಳಿದಿವೆ, ಅವುಗಳ ಮೇಲಿನ ತೀರ್ಪು ಬದಲಾಗಿದೆ. ಸಾಕ್ಸೊನಲ್ಲಿ ಜಾಣತನಕ್ಕೆ ಉದಾಹರಣೆಯಾಗಿದ್ದವು ನಾಟಕದಲ್ಲಿ ಹೊಸ ಹಗೆಗೂ ಒಫೀಲಿಯಾಳ ಹುಚ್ಚು ಹಾಗೂ ಮರಣಕ್ಕೂ ಕಾರಣವಾಗುತ್ತವೆ.

ಲೇರ್ಟೀಸ್ ಪುರಾವೆಗಾಗಿ ಕಾಯುವವನಲ್ಲ. ದೊರೆಯ ಮಾತನ್ನು ನಂಬಿ, ವಿಷ ಲೇಪಿಸಿದ ಕತ್ತಿಯಿಂದ ಸ್ನೇಹದ ಪಂದ್ಯವೆಂಬ ನೆಪದಲ್ಲಿ ಕೊಲ್ಲಲು ಒಪ್ಪುತ್ತಾನೆ. ವಿಷಪ್ರಯೋಗದಿಂದ ಆರಂಭವಾದ ಕಥೆ ವಿಷಪ್ರಯೋಗದಿಂದಲೇ ಮುಗಿಯುತ್ತದೆ. ಈ ಕೊನೆಯ ದೃಶ್ಯದ ವಿವರವೊಂದಕ್ಕೆ ಇಲ್ಲಿ ವಿಶೇಷವಾಗಿ ಗಮನ ಕೊಡಬೇಕು. ಹ್ಯಾಮ್ಲೆಟ್ ದೊರೆಯನ್ನು ಇರಿದಾಗ ಆಸ್ಥಾನಿಕರು ರಾಜದ್ರೋಹವೆಂದು ಕೂಗುತ್ತಾರೆ. ಅವರಿಗೆ ಇನ್ನೂ ಹಳೆಯ ಕೊಲೆ ಗೊತ್ತಿಲ್ಲ. ದೊರೆ ಅಪರಾಧಿಯೆಂದು ಸಭೆಯಲ್ಲಿ ಬಹಿರಂಗವಾಗಿ ಹೇಳುವವನು ಸಾಯುತ್ತಿರುವ ಲೇರ್ಟೀಸ್. ಅವನು ತನ್ನ ವಂಚನೆಯನ್ನು ಮೊದಲು ಒಪ್ಪಿಕೊಂಡು, ದೊರೆಯ ಪಾಲನ್ನು ಹೇಳಿ, ಹ್ಯಾಮ್ಲೆಟನೊಡನೆ ಕ್ಷಮೆಯ ವಿನಿಮಯವನ್ನು ಬೇಡುತ್ತಾನೆ. ಹುಚ್ಚಿನ ನಟನೆ, ಒಳನಾಟಕ, ಬೇಹುಗಾರಿಕೆ ಇವುಗಳಲ್ಲಿ ಯಾವುದೂ ಮಾಡಲಾರದ್ದನ್ನು ಒಂದು ತಪ್ಪೊಪ್ಪಿಗೆ ಮಾಡುತ್ತದೆ. ಆಗಲೂ ಬಯಲಾದದ್ದು ಅಂದಿನ ಸಂಚು ಮಾತ್ರ. ಹಿರಿಯ ದೊರೆಯ ಕೊಲೆ ಸಭೆಯ ಮುಂದೆ ರುಜುವಾತಾಗುವುದೇ ಇಲ್ಲ. ಅದನ್ನು ಲೋಕಕ್ಕೆ ತಿಳಿಸುವ ಹೊಣೆ ಹೊರೇಷಿಯೊನಿಗೆ ಉಳಿಯುತ್ತದೆ. ರಾಜ್ಯ ನಾರ್ವೆಯ ಫಾರ್ಟಿನ್‌ಬ್ರಾಸನಿಗೆ ಹೋಗುತ್ತದೆ. ಆಮ್ಲೆತ್ ತಾನೇ ಎದ್ದು ನಿಂತು ಮಾಡಿದ ಭಾಷಣವನ್ನು ಹ್ಯಾಮ್ಲೆಟ್ ಮಾಡಲಾರ. ಎರಡು ಕೃತಿಗಳ ನಡುವಣ ದೂರವನ್ನು ಅಳೆಯಲು ಇದಕ್ಕಿಂತ ಸ್ಪಷ್ಟವಾದ ಗುರುತು ಬೇಕಿಲ್ಲ.

7. ಕನ್ನಡದ ಒಂದು ರೂಪಾಂತರ

ಈ ನಾಟಕ ಕನ್ನಡಕ್ಕೆ ಬಂದ ಬಗೆಗಳಲ್ಲಿ ಕುವೆಂಪು ಅವರ 'ರಕ್ತಾಕ್ಷಿ' (1932) ಪ್ರಸ್ತುತ ಚರ್ಚೆಗೆ ನೇರವಾಗಿ ಸಂಬಂಧಿಸಿದೆ. ಅವರು ಕಥೆಯನ್ನು ಬಿದನೂರಿಗೆ ತಂದು, ಹ್ಯಾಮ್ಲೆಟನ ಸ್ಥಾನದಲ್ಲಿ ಬಸವಯ್ಯನನ್ನೂ ಕ್ಲಾಡಿಯಸನ ಸ್ಥಾನದಲ್ಲಿ ನಿಂಬಯ್ಯನನ್ನೂ ಒಫೀಲಿಯಾಳ ಸ್ಥಾನದಲ್ಲಿ ರುದ್ರಾಂಬೆಯನ್ನೂ ನಿಲ್ಲಿಸಿದ್ದಾರೆ. ಸ್ಥಳದ ಆಯ್ಕೆ ಅರ್ಥಪೂರ್ಣವಾದುದು. ಕೆಳದಿಯ ಎರಡನೆಯ ಬಸಪ್ಪನಾಯಕನ ಅನಂತರ ಪಟ್ಟಕ್ಕೆ ಬಂದ ಚೆನ್ನಬಸಪ್ಪನಾಯಕ ಕೆಲವೇ ವರ್ಷಗಳಲ್ಲಿ ತೀರಿಕೊಂಡ. 1757ರಿಂದ ರಾಣಿ ವೀರಮ್ಮಾಜಿ ಆಳಿದಳು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ. ಎಳೆಯ ಅರಸನ ಸಾವಿಗೆ ರಾಣಿಯೂ ಅವಳ ಪ್ರಿಯನಾದ ನಿಂಬಯ್ಯನೂ ಕಾರಣರೆಂಬ ವದಂತಿಯನ್ನು ಮಾರ್ಕ್ ವಿಲ್ಕ್ಸ್ 1810ರಿಂದ ಪ್ರಕಟವಾಗತೊಡಗಿದ ತನ್ನ ಇತಿಹಾಸಗ್ರಂಥದಲ್ಲಿ ದಾಖಲಿಸಿದ್ದಾನೆ. ತಾನೇ ಚೆನ್ನಬಸಪ್ಪನಾಯಕನೆಂದು ಹೇಳಿಕೊಂಡವನೊಬ್ಬನ ಹಕ್ಕು ಹೈದರನ ದಂಡಯಾತ್ರೆಗೆ ನೆಪವಾಗಿ ಒದಗಿತು. ಗೆದ್ದವರ ಕಡೆಯಿಂದ ಉಳಿದುಬಂದ ಇಂತಹ ಆಪಾದನೆಗಳನ್ನು ಇತಿಹಾಸಕಾರ ಎಚ್ಚರದಿಂದ ನೋಡಬೇಕು. ಆದರೆ ಅರಮನೆಯೊಳಗಿನ ಗುಪ್ತ ಸಾವು, ರುಜುವಾತಾಗದ ಆಪಾದನೆ, ಕೊನೆಗೆ ಹೊರಗಿನವನ ವಶವಾದ ರಾಜ್ಯ, ಈ ಮೂರೂ ಒಂದೆಡೆ ಸೇರಿದ್ದ ಬಿದನೂರು ಹ್ಯಾಮ್ಲೆಟನ ಕಥೆಗೆ ಸಹಜವಾದ ನೆಲೆಯಾಯಿತು. ಸೇಡಿನ ಹೊಣೆಯನ್ನು ಹೊತ್ತು ರಕ್ತಾಕ್ಷಿಯಾಗುವ ರುದ್ರಾಂಬೆಯ ಹೆಸರೇ ನಾಟಕಕ್ಕೆ ಸಂದಿದೆ. ಮೂಲದಲ್ಲಿ ಎಲ್ಲರ ವಂಚನೆಗೂ ಬಲಿಯಾದವಳು ಇಲ್ಲಿ ಕರ್ತೃವಾಗುತ್ತಾಳೆ ಎಂಬುದು ಗಮನಾರ್ಹ.

ಇದಕ್ಕೆ ಮೂರು ವರ್ಷ ಮೊದಲು ಬಿ.ಎಂ. ಶ್ರೀಕಂಠಯ್ಯನವರು ಸೊಫೊಕ್ಲಿಸನ 'ಅಯಾಸ್' ನಾಟಕವನ್ನು ಆಧರಿಸಿ 'ಅಶ್ವತ್ಥಾಮನ್' (1929) ರಚಿಸಿದ್ದರು. ವಂಚನೆಯಿಂದ ತಂದೆಯನ್ನು ಕಳೆದುಕೊಂಡ ಮಗನ ಸೇಡು ಭಾರತೀಯ ಓದುಗನಿಗೆ ಮಹಾಭಾರತದಿಂದಲೇ ಪರಿಚಿತ. ಆದರೆ ದ್ರೋಣವಧೆಯ ವಂಚನೆ ರಣರಂಗದಲ್ಲಿ ಎಲ್ಲರ ಎದುರು ನಡೆದದ್ದು. ಅಶ್ವತ್ಥಾಮ ಅಪರಾಧಿಯನ್ನು ಹುಡುಕಬೇಕಾಗಿರಲಿಲ್ಲ. ಈ ದೃಷ್ಟಿಯಿಂದ ಅವನು ಹ್ಯಾಮ್ಲೆಟನಿಗಿಂತ ಆಮ್ಲೆತನಿಗೆ ಹತ್ತಿರದವನು.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಡುವ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು. ಕೊಲೆ ಬಹಿರಂಗವಾಗಿದ್ದ ಮೂಲಕಥೆಯಲ್ಲಿ ಪ್ರತೀಕಾರಕ್ಕೆ ಬೇಕಾದದ್ದು ಬಲ ಮತ್ತು ಜಾಣತನ. ಕೊಲೆ ಗುಪ್ತವಾದಾಗ ಮೊದಲು ಸತ್ಯವನ್ನು ತಿಳಿಯಬೇಕಾಯಿತು. ತಿಳಿಯಲು ವಂಚನೆಯನ್ನು ಆಶ್ರಯಿಸಬೇಕಾಯಿತು. ವಂಚನೆಯನ್ನು ಆಶ್ರಯಿಸಿದವನ ಕೈಯೂ ರಕ್ತದಿಂದ ಮಲಿನವಾಯಿತು. ಹ್ಯಾಮ್ಲೆಟನ ವಿಳಂಬದಲ್ಲಿ ಸ್ವಭಾವದ ಪಾಲು ಇರಬಹುದು. ಆದರೆ ಅದರ ಬಹುಭಾಗ ಕಥೆಯ ಈ ಹೊಸ ರಚನೆಯಿಂದ ಹುಟ್ಟಿದ್ದು. ಪಾಪಪ್ರಜ್ಞೆಯನ್ನು ಉಪಾಯದಿಂದ ಹೊರಗೆಳೆಯಬಹುದು. ಅದನ್ನು ನಾಲ್ವರು ಒಪ್ಪುವ ಸತ್ಯವನ್ನಾಗಿ ಮಾಡಲು ತಪ್ಪು ಮಾಡಿದವನೇ ಬಾಯಿಬಿಟ್ಟು ಹೇಳಬೇಕು. ಕ್ಲಾಡಿಯಸ್ ಅದನ್ನು ದೇವರ ಮುಂದೆ ಏಕಾಂತದಲ್ಲಿ ಮಾತ್ರ ಹೇಳಿದ, ಲೇರ್ಟೀಸ್ ಸಭೆಯಲ್ಲಿ ಹೇಳಿದ. ನ್ಯಾಯ ಕೇಳಲು ಸ್ಥಾನವಿಲ್ಲದ ರಾಜ್ಯದಲ್ಲಿ ಪ್ರತೀಕಾರ ಅಪರಾಧಿಯನ್ನು ಕೊಲ್ಲಬಲ್ಲುದು, ಅಪರಾಧವನ್ನು ಸಿದ್ಧಪಡಿಸಲಾರದು ಎಂಬ ಕಠಿಣ ಸತ್ಯವನ್ನು ಈ ನಾಟಕ ನಮ್ಮ ಮುಂದಿಡುತ್ತದೆ.